ಕಾಳು ಒಣಗಿಸುವ ಗೂಡನ್ನು ಅಗೆದು ನೋಡಿದ ದಿನ: ಚಿತ್ರದುರ್ಗದ ಉತ್ಖನನ ಶಿಬಿರ

ಚಿತ್ರದುರ್ಗದ ಹೊರವಲಯದ ಹೊಲವೊಂದರಲ್ಲಿ ನಡೆಯುವ ಒಂದು ದಿನದ ಉತ್ಖನನ ಶಿಬಿರಕ್ಕೆ ಕಳೆದ ಭಾನುವಾರ ಮಗಳೊಂದಿಗೆ ಹೋಗಿದ್ದೆ. ನಿಜವಾದ ಪುರಾತನ ನೆಲೆಯನ್ನು ಅನುಮತಿಯಿಲ್ಲದೆ ಯಾರೂ ಅಗೆಯುವಂತಿಲ್ಲವಾದ್ದರಿಂದ, ಐರ್ಲೆಂಡ್ ಮತ್ತು ಬ್ರಿಟನ್ನಿನಲ್ಲಿ ಸಿಗುವ ಹಳೆಯ ಕಾಳಿನ ಗೂಡಿನಂಥದ್ದೊಂದನ್ನು ಶಿಬಿರದವರೇ ಕಟ್ಟಿ, ಉರಿ ಹಾಕಿ, ಮಣ್ಣು ಮುಚ್ಚಿ, ಒಂದು ಮಳೆಗಾಲ ಹಾಗೆಯೇ ಬಿಟ್ಟಿದ್ದರು. ಅದನ್ನು ಪದರ ಪದರವಾಗಿ ಬಿಡಿಸುವುದು ನಮ್ಮ ಕೆಲಸವಾಗಿತ್ತು.

ಕಣದಲ್ಲಿ ಹರಡಿದರೆ ಬಿಸಿಲಿಗೇ ರಾಗಿ ಒಣಗುವ ನಮ್ಮ ಬಯಲುಸೀಮೆಯವರಿಗೆ ಕಾಳನ್ನು ಬೆಂಕಿಯಿಂದ ಒಣಗಿಸುವುದೇ ಹೊಸ ಸಂಗತಿ. ಮಳೆ, ತೇವ ಹೆಚ್ಚಿರುವ ಆ ದೇಶಗಳಲ್ಲಿ ಜವೆ, ಓಟ್ಸ್ ಹಸಿಯಾಗಿಯೇ ಮನೆಗೆ ಬರುತ್ತಿದ್ದುದರಿಂದ, ಒಂದು ತುದಿಯಲ್ಲಿ ಉರಿಯಿಟ್ಟು, ನೆಲದೊಳಗಿನ ಕಾಲುವೆಯ ಮೂಲಕ ಬಿಸಿಗಾಳಿಯನ್ನು ಇನ್ನೊಂದು ತುದಿಗೆ ಹರಿಸಿ, ಅದರ ಮೇಲಿನ ಅಟ್ಟಣೆಯಲ್ಲಿ ಕಾಳು ಹರಡುತ್ತಿದ್ದರು. ಕಿಡಿ ತಗುಲಿ ಅಟ್ಟಣೆ ಹೊತ್ತಿಕೊಂಡು ಕಾಳು ಕರಿಕಾದ ಕಡೆಗಳಲ್ಲಿ ಅದು ಕೊಳೆಯದೆ ಉಳಿದು, ಅಗೆಯುವವರ ಕೈಗೆ ಸಿಗುತ್ತದೆ. ಅಂದು ಆ ಮನೆಯವರು ವರ್ಷದ ಅನ್ನ ಕಳೆದುಕೊಂಡಿರಬಹುದೆಂದು ನೆನೆದಾಗ ನನಗೆ ಸಂಕಟವಾಯಿತು.

ಇಡೀ ದಿನದಲ್ಲಿ ಅತ್ಯುತ್ತಮವಾಗಿದ್ದುದು ಬೂದಿಮಣ್ಣನ್ನು ನೀರಿನಲ್ಲಿ ತೇಲಿಸಿದ ಪಾಠ. ಬೋಧಕರು ಒಂದು ಬೊಗಸೆ ಮಣ್ಣನ್ನು ಬಕೆಟ್ಟಿಗೆ ಹಾಕಿ ಕೈಯಿಂದ ಮೆಲ್ಲಗೆ ಕಲಕಿದಾಗ, ಮಣ್ಣು ಕೆಳಗಿಳಿದು ಕರಿಯ ಚೂರುಗಳು ಮೇಲೆ ಬಂದವು. ಅವನ್ನು ಸಣ್ಣ ಕಣ್ಣಿನ ಜರಡಿಗೆ ಬಸಿದರು. ಮಗಳ ಅಂಗೈಯಲ್ಲಿಟ್ಟ ಒಂದು ಜವೆ ಕಾಳಿನ ಹೊಟ್ಟೆಯ ಗೀರು ಸುಟ್ಟ ಮೇಲೂ ಸ್ಪಷ್ಟವಾಗಿ ಕಾಣುತ್ತಿತ್ತು. ಮೊಳಕೆಯೊಡೆದ ಕಾಳುಗಳೇ ಹೆಚ್ಚಾಗಿ ಸಿಕ್ಕರೆ ಆ ಗೂಡಿನಲ್ಲಿ ಮಾಲ್ಟ್ ಮಾಡುತ್ತಿದ್ದಿರಬೇಕೆಂದೂ, ಕಾಳು ಒಂದೇ ಬೆಳೆಗಾಲದ್ದಾದ್ದರಿಂದ ಕಾಲನಿರ್ಣಯಕ್ಕೆ ಹಳೆಯ ಮರದ ಇದ್ದಿಲಿಗಿಂತ ನಂಬಲರ್ಹವೆಂದೂ ಅವರು ವಿವರಿಸಿದರು. ದಕ್ಷಿಣ ಭಾರತದ ನವಶಿಲಾಯುಗದ ನೆಲೆಗಳಲ್ಲಿ ಹುರುಳಿ, ಹೆಸರು, ಕೊರಲೆ ಬೆಳೆಯುತ್ತಿದ್ದರೆಂದು ತಿಳಿದುದು ಹೀಗೆ ತೇಲಿಸಿ ತೆಗೆದ ಕಾಳುಗಳಿಂದಲೇ.

ಕೊರತೆಗಳೂ ಇವೆ. ಗುಂಪು ದೊಡ್ಡದಾಗಿದ್ದು ಕರಣೆಗಳು ಸಾಲಲಿಲ್ಲ. ನೆರಳಿನ ವ್ಯವಸ್ಥೆ ಇರಲಿಲ್ಲ. ಇದಕ್ಕಿಂತ ಗಂಭೀರವಾದುದೆಂದರೆ, ಗುಂಡಿಯ ಗೋಡೆಯ ಪದರಗಳನ್ನು ಅಳೆದು ಚಿತ್ರಿಸಲು ಇಪ್ಪತ್ತು ನಿಮಿಷವಷ್ಟೇ ಕೊಟ್ಟರು. ಇದೇ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಪದರಗಳ ಆಧಾರದ ಮೇಲೆಯೇ ಕಾಲಾನುಕ್ರಮವನ್ನು ಕಟ್ಟಿದರು. ದಾಖಲಿಸದೆ ಅಗೆದರೆ ಉಳಿಯುವುದು ಗುಂಡಿ ಮಾತ್ರ. ನಮ್ಮ ಹಗೇವಿನ ಪ್ರಸ್ತಾಪವೇ ಬಾರದಿದ್ದುದೂ ನನಗೆ ಬೇಸರ ತಂದಿತು. ನೆಲದಡಿಯ ಆ ಗುಂಡಿಯಲ್ಲಿ ಹುಲ್ಲು ಹಾಸಿ ರಾಗಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದುದನ್ನೂ, ಬಾಯಿ ತೆರೆದ ಕೂಡಲೇ ಇಳಿಯದೆ ಕೆಟ್ಟ ಗಾಳಿ ಹೋಗಲು ಬಿಡುತ್ತಿದ್ದುದನ್ನೂ ಕಂಡ ಹಿರಿಯರು ಈ ಸುತ್ತಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲೊಬ್ಬರನ್ನು ಕರೆಸಿ, ಚಿತ್ರ ಬರೆಯಲು ಮಧ್ಯಾಹ್ನವನ್ನು ಪೂರ್ತಿ ಬಿಟ್ಟುಕೊಟ್ಟರೆ ನಾನು ಈ ಶಿಬಿರಕ್ಕೆ ಇನ್ನೊಮ್ಮೆ ಹಣ ಕಟ್ಟುತ್ತೇನೆ.