ದವಡೆ ಹಲ್ಲಿನ ಇಂಪ್ಲಾಂಟ್: ಒಂಬತ್ತು ವರ್ಷ ಬಳಸಿದ ಮೇಲೆ

ಎಡಗಡೆ ಕೆಳಗಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದ್ದೆ. ಅದು ಸೀಳು ಬಿಟ್ಟು ಕೀಳಿಸಬೇಕಾಯಿತು. ಬ್ರಿಡ್ಜ್, ಅಂದರೆ ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಕಟ್ಟಿಸಿದ ಹಲ್ಲು, ಕೂರಿಸಬೇಕಾದರೆ ಅಕ್ಕಪಕ್ಕದ ಎರಡು ಒಳ್ಳೆಯ ಹಲ್ಲುಗಳನ್ನೂ ತೇಯಬೇಕು ಅಂದರು. ಮನಸ್ಸು ಒಪ್ಪಲಿಲ್ಲ. 2016ರಲ್ಲಿ ಮೈಸೂರಿನಲ್ಲಿ ಇಂಪ್ಲಾಂಟ್ (ದವಡೆ ಮೂಳೆಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕಟ್ಟುವ ಹಲ್ಲು) ಹಾಕಿಸಿದೆ, ಒಟ್ಟು 32,000 ರೂಪಾಯಿ. ಟೈಟಾನಿಯಂ ಸ್ಕ್ರೂ ಮೂಳೆಗೆ ಕಚ್ಚಿಕೊಳ್ಳಲಿ ಅಂತ ನಾಲ್ಕು ತಿಂಗಳು ಬಿಟ್ಟು ಕ್ಯಾಪ್ ಕೂರಿಸಿದರು. ಹಲ್ಲು ಕೀಳಿಸಿದ್ದಕ್ಕಿಂತ ನೋವು ಕಡಿಮೆಯೇ.

ಅಗಿಯುವ ವಿಷಯದಲ್ಲಿ ನನಗೆ ಪೂರ್ತಿ ಸಮಾಧಾನ. ಕೋಡುಬಳೆ, ಸಂಕ್ರಾಂತಿ ಎಳ್ಳಿನ ಕೊಬ್ಬರಿ ಚೂರು, ಎಲ್ಲಾ ಎರಡೂ ಕಡೆ ಅಗಿಯುತ್ತೇನೆ. ಒಂದು ವ್ಯತ್ಯಾಸ ಮಾತ್ರ ಇವತ್ತಿಗೂ ಇದೆ. ಅನ್ನದಲ್ಲಿ ಕಲ್ಲು ಸಿಕ್ಕರೆ ಬಲಗಡೆ ಹಲ್ಲು ಜುಮ್ಮೆನ್ನುತ್ತದೆ, ಇಲ್ಲಿ ಬರೀ ಕಟಕ್ ಅನ್ನುವ ಸದ್ದು. ನಮ್ಮ ಹಲ್ಲಿಗೂ ಮೂಳೆಗೂ ನಡುವೆ ಒತ್ತಡ ತಿಳಿಯುವ ತೆಳು ಪೊರೆ ಇರುತ್ತದೆ. ಇಂಪ್ಲಾಂಟಿಗೆ ಅದಿಲ್ಲ. ಹಾಗಾಗಿ ಗಟ್ಟಿ ಪದಾರ್ಥ ನಿಧಾನವಾಗಿ ಕಡಿಯುತ್ತೇನೆ.

ಆರನೇ ವರ್ಷ ಕ್ಯಾಪ್ ಅಲ್ಲಾಡತೊಡಗಿತು. ನಾಲಿಗೆಯಲ್ಲಿ ತಳ್ಳಿದರೆ ಜರುಗುತ್ತಿತ್ತು. ಇಂಪ್ಲಾಂಟೇ ಹೋಯಿತು ಅಂತ ಆ ರಾತ್ರಿ ನಿದ್ದೆಯಿಲ್ಲ. ಬೇರೆ ಡಾಕ್ಟರ ಹತ್ತಿರ ಹೋದೆ. ಎಕ್ಸ್‌ರೇ ತೆಗೆದು, ಕ್ಯಾಪಿನ ನೆತ್ತಿಯ ಬಿಳಿ ಫಿಲ್ಲಿಂಗ್ ಕೊರೆದರು. ಕ್ಯಾಪನ್ನು ಇಂಪ್ಲಾಂಟಿಗೆ ಹಿಡಿದಿಡುವ ಒಳಗಿನ ಪುಟ್ಟ ಸ್ಕ್ರೂ ಸಡಿಲವಾಗಿತ್ತು, ಅಷ್ಟೇ. ಆದರೆ ಕ್ಯಾಪ್ ಈಚೆ ಬಂದಾಗ ಹೊಡೆದ ವಾಸನೆ ಇನ್ನೂ ಮರೆತಿಲ್ಲ. "ವಸಡು ಊದಿದೆ ನೋಡಿ ಸಾರ್, ಮುಟ್ಟಿದ್ರೆ ರಕ್ತ ಬರ್ತಿದೆ. ಹೀಗೇ ಬಿಟ್ರೆ ಮೂಳೆ ಕರಗುತ್ತೆ" ಅಂದರು.

ನನಗೆ ಬೇಜಾರು ಇಲ್ಲೇ. ಹಾಕಿದ ಕ್ಲಿನಿಕ್‌ನವರು "ಇದಕ್ಕೆ ಹುಳುಕು ಹಿಡಿಯಲ್ಲ, ಆರಾಮಾಗಿರಿ" ಅಂದು ಕಳಿಸಿದ್ದರು. ಹುಳುಕು ಹಿಡಿಯಲ್ಲ, ನಿಜ. ಸುತ್ತಲಿನ ವಸಡು, ಮೂಳೆ ನಮ್ಮದೇ ಅಲ್ವಾ? ನನಗೆ ಶುಗರ್ ಬೇರೆ ಇದೆ. ಶುಗರ್ ಹತೋಟಿಯಲ್ಲಿ ಇಲ್ಲದವರಿಗೆ, ಸಿಗರೇಟು ಸೇದುವವರಿಗೆ ಈ ತೊಂದರೆ ಇನ್ನೂ ಜಾಸ್ತಿ. ಮೊದಲೇ ಹೇಳಬೇಕಿತ್ತು.

ಈಗ ರಾತ್ರಿ ಮಲಗುವ ಮುಂಚೆ ಸಂದಿಗೆ ಹಾಕುವ ಪುಟ್ಟ ಬ್ರಷ್‌ನಿಂದ ಎರಡೂ ಪಕ್ಕ ಉಜ್ಜುತ್ತೇನೆ. ಆರು ತಿಂಗಳಿಗೊಮ್ಮೆ ತೋರಿಸುತ್ತೇನೆ. ರಕ್ತ ನಿಂತಿದೆ. ಟೈಟಾನಿಯಂ ಇಂಪ್ಲಾಂಟ್ ಶುರುಮಾಡಿದ ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ತಮ್ಮ ಮೊದಲ ರೋಗಿಗೆ ಹಾಕಿದ ಇಂಪ್ಲಾಂಟ್‌ಗಳು 2006ರಲ್ಲಿ ಆ ರೋಗಿ ತೀರಿಕೊಳ್ಳುವವರೆಗೂ ಇದ್ದವು. ನನ್ನದೂ ಅಷ್ಟು ಬಾಳಲಿ ಅನ್ನುವ ಆಸೆ.

ಹಾಕಿಸುವವರು ಕಂಪನಿ ಹೆಸರು, ಸೈಜ್ ಇರುವ ಸ್ಟಿಕ್ಕರ್ ಕೇಳಿ ಇಸ್ಕೊಳ್ಳಿ. ಒಂದೊಂದು ಕಂಪನಿಯ ಸ್ಕ್ರೂಗೂ ಅದನ್ನು ತಿರುಗಿಸಲು ಬೇರೆ ಬೇರೆ ಸ್ಕ್ರೂಡ್ರೈವರ್ ಬೇಕಾಗಬಹುದು. ನನ್ನ ಹತ್ತಿರ ಸ್ಟಿಕ್ಕರ್ ಇರಲಿಲ್ಲ. ಸರಿಯಾದದ್ದು ಹುಡುಕಿ ತರಿಸಲು ಆ ಡಾಕ್ಟರಿಗೆ ನಾಲ್ಕು ದಿನ ಹಿಡಿಯಿತು, ಅಷ್ಟು ದಿನವೂ ಗಂಜಿಯೇ ಗತಿ.