ದ್ರಾಕ್ಷಿ ಪಡದ ಸೆನ್ಸರ್‌ಗಳು: ಡೇಟಾ ಎಲ್ಲಿಟ್ಟರೆ ಬ್ಯಾಟರಿ ಬಾಳುತ್ತದೆ?

ವಿಜಯಪುರ ಜಿಲ್ಲೆಯ ತಿಕೋಟಾ ಹತ್ತಿರ ನಮ್ಮದು ಎರಡು ಎಕರೆ ದ್ರಾಕ್ಷಿ ಪಡ, ಅಂದರೆ ತೋಟ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಮಳೆ ಬಂತೆಂದರೆ ಅಪ್ಪನಿಗೆ ನಿದ್ದೆ ಇಲ್ಲ. ಎಲೆ ತಾಸುಗಟ್ಟಲೆ ಒದ್ದೆ ಇದ್ದರೆ ದಾವಣಿ (ಡೌನಿ ಮಿಲ್ಡ್ಯೂ) ರೋಗದ ಭಯ. ರಾತ್ರಿ ಎರಡಕ್ಕೆ ಟಾರ್ಚ್ ಹಿಡಿದು ಹೋಗಿ ಎಲೆ ಮುಟ್ಟಿ ನೋಡುತ್ತಿದ್ದರು. ಅದಕ್ಕೇ ಹಂದರದ ತಂತಿಗೆ 20 ನೋಡ್, ಅಂದರೆ ಬ್ಯಾಟರಿ ಮೇಲೆ ನಡೆಯುವ ಪುಟ್ಟ ಸೆನ್ಸರ್ ಘಟಕ, ಕಟ್ಟಿದೆ. ನಾಲ್ಕು ಸಾಲು, ಸಾಲಿಗೆ ಐದು. ಒಂದೊಂದರಲ್ಲೂ ಆರ್ಡುಯಿನೊ ನ್ಯಾನೊ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್, ಎನ್‌ಆರ್‌ಎಫ್24 ರೇಡಿಯೊ, ಎಲೆಯ ಒದ್ದೆ ಹೇಳುವ ಸೆನ್ಸರ್. 15 ನಿಮಿಷಕ್ಕೊಂದು ರೀಡಿಂಗ್.

ಮೊದಲು ಎಲ್ಲ ರೀಡಿಂಗನ್ನೂ ಮನೆಯ ಕಂಪ್ಯೂಟರ್‌ಗೆ ಕಳಿಸಿದೆ. ಕೇಳಿದ ಕೂಡಲೇ ಉತ್ತರ ಸಿಗುತ್ತಿತ್ತು. ಆದರೆ ರೀಡಿಂಗ್ ನೋಡ್‌ನಿಂದ ನೋಡ್‌ಗೆ ಜಿಗಿದು ಬರಬೇಕು, ಒಂದೊಂದು ಜಿಗಿತವೂ ಒಂದು ರವಾನೆ, ಬ್ಯಾಟರಿಗೆ ಖರ್ಚು. ನಮ್ಮ ಜೋಡಣೆಯಲ್ಲಿ ಸರಾಸರಿ ನಾಲ್ಕೂವರೆ ಜಿಗಿತ, ದಿನಕ್ಕೆ 8,640 ರವಾನೆ. ಮನೆ ಪಕ್ಕದ ಮೂಲೆ ನೋಡ್ ಒಂದೇ ಎಲ್ಲರ ಭಾರ ಹೊತ್ತು 1,920 ಸಲ ಕಳಿಸುತ್ತಿತ್ತು, ದೂರದ ಮೂಲೆಯದು ಬರೀ 96 ಸಲ. ಮೂಲೆ ನೋಡ್ ಸತ್ತ ದಿನ ಉಳಿದ 19 ಚೆನ್ನಾಗಿದ್ದೂ ಮೂಕವಾದವು. ಭಾರ ಇಳಿಸಲು ನಾಲ್ಕು ರೀಡಿಂಗ್ ಒಂದೇ ಪ್ಯಾಕೆಟ್‌ಗೆ ಕಟ್ಟಿ ನೋಡಿದೆ. ರವಾನೆ ಕಾಲು ಭಾಗಕ್ಕೆ ಇಳಿಯಿತು, ಆದರೆ ಸುದ್ದಿ ತಾಸು ಹಳೆಯದಾಯಿತು. ಮಳೆಯ ರಾತ್ರಿ ಅದು ಉಪಯೋಗಕ್ಕೆ ಬರುವುದಿಲ್ಲ.

ಆಮೇಲೆ ತಿರುಗಿಸಿದೆ. ಡೇಟಾ ನೋಡ್‌ನಲ್ಲೇ ಇರಲಿ, ಪ್ರಶ್ನೆ ಮಾತ್ರ ಪಡದ ತುಂಬ ಹರಡಲಿ. ಒಂದು ಪ್ರಶ್ನೆಗೆ 20 ರವಾನೆ, ಉತ್ತರಗಳಿಗೆ 90. ಉತ್ತರಗಳನ್ನು ದಾರಿಯಲ್ಲೇ ಸೇರಿಸುತ್ತ ಬಂದರೆ ಒಟ್ಟು 40. ಬೇಸಿಗೆಯಲ್ಲಿ ಅಪ್ಪ ದಿನಕ್ಕೊಮ್ಮೆ ಕೇಳುವಾಗ ಇದಕ್ಕಿಂತ ಅಗ್ಗ ಇನ್ನೊಂದಿಲ್ಲ. ಆದರೆ ನ್ಯಾನೊದ ಇಇಪ್ರಾಮ್ (ಕರೆಂಟ್ ಹೋದರೂ ನೆನಪಿಡುವ ಮೆಮೊರಿ) 1 ಕೆಬಿ ಮಾತ್ರ. ರೀಡಿಂಗಿಗೆ 8 ಬೈಟ್ ಅಂದರೆ 128 ರೀಡಿಂಗ್, ಅಂದರೆ 32 ತಾಸು. ಮೊನ್ನೆಯದು ಅಳಿಸಿ ಹೋಗಿರುತ್ತದೆ. ಇನ್ನೊಂದು ವಿಷಯ ನನಗೆ ತಡವಾಗಿ ಹೊಳೆಯಿತು: ಈ ರೇಡಿಯೊ 250 ಕೆಬಿಪಿಎಸ್ ವೇಗದಲ್ಲಿ ಕಳಿಸಲು 11.3 ಮಿಲಿಆಂಪ್ ತಿಂದರೆ, ಕೇಳುತ್ತ ಕೂರಲು 12.6 ತಿನ್ನುತ್ತದೆ. ಮಾತಿಗಿಂತ ಕಾಯುವುದೇ ದುಬಾರಿ! ಹಾಗಾಗಿ ನೋಡ್‌ಗಳನ್ನು ಮಲಗಿಸಬೇಕು, ಮಲಗಿಸಿದರೆ ಪ್ರಶ್ನೆ ಜಿಗಿತಕ್ಕೊಮ್ಮೆ ಮುಂದಿನ ನೋಡ್ ಏಳುವವರೆಗೆ ಕಾಯಬೇಕು.

ಡೇಟಾದ ಹೆಸರಿನ ಮೇಲೆ ಜಾಗ ಗೊತ್ತುಮಾಡುವ ದಾರಿಯೂ ಇದೆ, 2002ರಲ್ಲಿ ಬಂದ ಜಿಯಾಗ್ರಫಿಕ್ ಹ್ಯಾಶ್ ಟೇಬಲ್. 'ಎಲೆ ಒದ್ದೆ' ಅನ್ನುವ ಹೆಸರಿಗೆ ಹ್ಯಾಶ್ ಮಾಡಿದರೆ, ಅಂದರೆ ಹೆಸರನ್ನು ಲೆಕ್ಕಹಾಕಿ ಒಂದು ಜಾಗಕ್ಕೆ ತಿರುಗಿಸಿದರೆ, ನಮ್ಮಲ್ಲಿ 13ನೇ ನೋಡ್ ಬಂತು. ಪ್ರಶ್ನೆ ನೇರ ಅಲ್ಲಿಗೇ ಹೋಗುತ್ತದೆ, ಹುಡುಕಾಟವೇ ಇಲ್ಲ. ಆದರೆ ಮಳೆ ಬಿದ್ದರೆ ಇಡೀ ಪಡ ಒಟ್ಟಿಗೇ ತೊಯ್ಯುತ್ತದಲ್ವಾ? ಎಲ್ಲ ನೋಡ್‌ಗಳೂ ಒಮ್ಮೆಲೇ 13ನೇದಕ್ಕೆ ಮುಗಿಬಿದ್ದವು. ಅರ್ಧ ಪ್ಯಾಕೆಟ್ ಡಿಕ್ಕಿಯಾಗಿ ಹೋದವು. ಪ್ರತಿಗಳನ್ನು ಬೇರೆ ಕಡೆ ಇಡುವ ಉಪಾಯ ಆ ವಿಧಾನದಲ್ಲೇ ಇದೆ, ಆದರೆ 20 ನೋಡ್‌ಗೆ ಅಷ್ಟು ಹೊರೆ ಬೇಡ ಅನಿಸಿತು.

ನನ್ನ ಮನಸ್ಸಿಗೆ ಹಿಡಿಸಿದ್ದು 2004ರ ಬಾಚಣಿಗೆ-ಸೂಜಿ ವಿಧಾನ. ಡೇಟಾ ಅಡ್ಡಕ್ಕೆ ಒಂದಿಷ್ಟು ದೂರ ಸೂಜಿಯಂತೆ ಚಾಚಿಕೊಳ್ಳುತ್ತದೆ, ಪ್ರಶ್ನೆ ಬಾಚಣಿಗೆಯ ಹಲ್ಲಿನಂತೆ ಸಾಲು ಹಿಡಿದು ಹೋಗುತ್ತದೆ. ಎರಡೂ ಎಲ್ಲೋ ಸಂಧಿಸಿಯೇ ಸಂಧಿಸುತ್ತವೆ. ಪ್ರಶ್ನೆ ಜಾಸ್ತಿಯಾದರೆ ಸೂಜಿ ಉದ್ದ ಮಾಡಿ ಹಲ್ಲು ವಿರಳ ಮಾಡಬೇಕು. ಪ್ರಶ್ನೆ ಕಮ್ಮಿಯಾದರೆ ಅದರ ಉಲ್ಟಾ. ದ್ರಾಕ್ಷಿ ಸಾಲುಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಎಲೆ ಒದ್ದೆಯಾದಾಗ, ಒಣಗಿದಾಗ ಮಾತ್ರ ನೋಡ್ ತನ್ನ ಅಡ್ಡಸಾಲಿಗೆ, ಅಂದರೆ ಉಳಿದ ಮೂರು ಸಾಲುಗಳಲ್ಲಿ ತನ್ನ ನೇರಕ್ಕಿರುವ ನೋಡ್‌ಗಳಿಗೆ, ತಿಳಿಸುತ್ತದೆ, ಹೆಚ್ಚೆಂದರೆ ಮೂರು ರವಾನೆ. ಪ್ರಶ್ನೆ ಒಂದೇ ಸಾಲಿನ ಐದು ನೋಡ್ ಮುಟ್ಟಿ ವಾಪಸ್ ಬರುತ್ತದೆ, ಹತ್ತರ ಆಸುಪಾಸು. ನೋಡ್‌ಗೆ ಒಂದು ಬೈಟ್‌ನಂತೆ 20 ನೋಡ್‌ಗಳ ಉತ್ತರ 32 ಬೈಟ್‌ನ ಒಂದೇ ಪ್ಯಾಕೆಟ್‌ನಲ್ಲಿ ಹಿಡಿಯುತ್ತದೆ. ವಾರಕ್ಕೊಮ್ಮೆ ಸಾಲು ಬದಲಿಸುತ್ತೇನೆ, ಭಾರ ಹಂಚಿಹೋಗುತ್ತದೆ.

"ತಮ್ಮಾ, ಕೆಳಗಿನ ಸಾಲಿನ್ಯಾಗ ಎಲಿ ಇನ್ನೂ ಹಸಿ ಅದಾವೇನು?" ಅಂತ ಅಪ್ಪ ಹಾಸಿಗೆಯಿಂದಲೇ ಕೇಳುತ್ತಾರೆ. ಚಾದರ ಸರಿಮಾಡಿಕೊಳ್ಳುವಷ್ಟರಲ್ಲಿ ಉತ್ತರ ಬಂದಿರುತ್ತದೆ.

ಚಾಟ್ನಿಯಿಂದ ಮಳೆ ನಿಲ್ಲುವವರೆಗೆ ಉದ್ದ ಸೂಜಿ, ಒಣದ್ರಾಕ್ಷಿ ಶೆಡ್ಡಿಗೆ ಹೋದ ಮೇಲೆ ಸೂಜಿ ಇಲ್ಲವೇ ಇಲ್ಲ, ಸುಮ್ನೆ ನೋಡ್‌ನಲ್ಲೇ ಡೇಟಾ. ಒಂದು ತೊಂದರೆ ಉಳಿದಿದೆ. ಹಂದರ ತುಂಬಿ ಎಲೆ ತೊಯ್ದಾಗ 2.4 ಗಿಗಾಹರ್ಟ್ಸ್ ಸಿಗ್ನಲ್ ಎಲೆಯ ನೀರಲ್ಲೇ ಇಂಗಿಹೋಗುತ್ತದೆ, ಮೂರನೇ ಸಾಲು ಆಗಾಗ ಕಡಿಯುತ್ತದೆ. ಈ ವಾರ ಅಲ್ಲಿನ ಆಂಟೆನಾಗಳನ್ನು ಬಿದಿರಿನ ಕೋಲಿಗೆ ಕಟ್ಟಿ ಹಂದರದ ಮೇಲಕ್ಕೆ ಎತ್ತುತ್ತಿದ್ದೇನೆ.