ತಾತನ ಡಿಸ್ಚಾರ್ಜ್ ಪತ್ರವನ್ನು ಜೋಪಾನ ಮಾಡಿಕೊಟ್ಟ ತುಮಕೂರಿನ ಫ್ರೇಮ್ ಅಂಗಡಿ

ತುಮಕೂರಿನ ಬಿ.ಎಚ್. ರಸ್ತೆಗೆ ಸೇರುವ ಅಡ್ಡರಸ್ತೆಯೊಂದರಲ್ಲಿರುವ ಸಣ್ಣ ಫೋಟೊ ಫ್ರೇಮ್ ಅಂಗಡಿಗೆ ನಾನು ಕೊಟ್ಟಿದ್ದು ನಮ್ಮ ತಾತನ ಸೈನ್ಯದ ಡಿಸ್ಚಾರ್ಜ್ ಪತ್ರವನ್ನು ಮತ್ತು ಬಿಡುಗಡೆಯ ಹೊತ್ತಿಗೆ ಸಮವಸ್ತ್ರದಲ್ಲಿ ತೆಗೆಸಿಕೊಂಡಿದ್ದ ಒಂದು ಕಪ್ಪು-ಬಿಳುಪು ಚಿತ್ರವನ್ನು.

ತಾತ ಶಿರಾ ಸೀಮೆಯಲ್ಲಿ ಕಂಡವರ ಹೊಲದಲ್ಲಿ ಕೂಲಿ ಮಾಡಿಕೊಂಡಿದ್ದವರು. 1943ರಲ್ಲಿ ಸೇನೆಯ ದುಡಿಮೆಯ ಪಡೆಯಾದ ಪಯೋನಿಯರ್ ದಳಕ್ಕೆ ಸೇರಿ, ಯುದ್ಧ ಮುಗಿದ ಮೇಲೆ, 1946ರಲ್ಲಿ ಊರಿಗೆ ಮರಳಿದರು. ಎರಡನೆಯ ಮಹಾಯುದ್ಧದ ಕೊನೆಯ ಹೊತ್ತಿಗೆ ಭಾರತೀಯ ಸೇನೆಯ ಬಲ 25 ಲಕ್ಷ ಮುಟ್ಟಿತ್ತು. ಆ ಸೇನೆಗೆ ರಸ್ತೆ ಕಡಿದವರು, ವಿಮಾನಗಳು ಇಳಿಯಲು ನೆಲ ಹದಮಾಡಿದವರು, ಮದ್ದುಗುಂಡಿನ ಪೆಟ್ಟಿಗೆಗಳನ್ನು ಹೊತ್ತವರು ಇಂಥ ದಳಗಳ ಆಳುಗಳೇ. 1944ರಲ್ಲಿ ಜಪಾನಿ ಸೇನೆ ಇಂಫಾಲ ಮತ್ತು ಕೊಹಿಮಾಗಳಿಗೆ ಮುತ್ತಿಗೆ ಹಾಕಿದ್ದ ಕಾಲದಲ್ಲಿ ತಾತ ಆ ಬರ್ಮಾ ಗಡಿಯಲ್ಲಿದ್ದರು, ಮಳೆಗೆ ಕುಸಿಯುತ್ತಿದ್ದ ಗುಡ್ಡದ ಮಣ್ಣನ್ನು ಗುದ್ದಲಿ, ಮಂಕರಿಗಳಿಂದ ತೆರವು ಮಾಡುತ್ತಿದ್ದರು. ಸಿಪಾಯಿಯೊಬ್ಬನಿಗೆ ಪಿಂಚಣಿ ದೊರೆಯಲು ಸಾಮಾನ್ಯವಾಗಿ 15 ವರ್ಷಗಳ ಸೇವೆ ಬೇಕು; ಅವರದು ಮೂರೇ ವರ್ಷ. ಹಿಂದಿರುಗಿದವರು ಬಾವಿ ತೋಡುವ, ಕಡಲೆಕಾಯಿ ಕೀಳುವ ಕೂಲಿಯಲ್ಲೇ ಮುಪ್ಪಾದರು. ಜಮೀನಿಲ್ಲದ್ದರಿಂದ ಪಹಣಿಯಲ್ಲಿ ಅವರ ಹೆಸರಿಲ್ಲ, ಶಾಲೆಗೆ ಹೋಗದ್ದರಿಂದ ದಾಖಲಾತಿ ಪುಸ್ತಕದಲ್ಲೂ ಇಲ್ಲ. ಅವರ ಎತ್ತರ, ಎಡಹುಬ್ಬಿನ ಮೇಲಿನ ಗಾಯದ ಗುರುತು, ನಡತೆಯ ಬಗ್ಗೆ ಮೇಲಧಿಕಾರಿಯ ಮಾತು, ಇವೆಲ್ಲ ಬರೆದಿರುವುದು ಈ ಒಂದು ಹಾಳೆಯಲ್ಲಿ ಮಾತ್ರ.

ಆದ್ದರಿಂದ ಅಂಗಡಿಯವರು ಮೊದಲು ಆಡಿದ ಮಾತೇ ನನಗೆ ಹಿಡಿಸಿತು. ಲ್ಯಾಮಿನೇಷನ್ ಮಾಡಿಕೊಡಿ ಎಂದು ಕೇಳಿದ್ದಕ್ಕೆ ಅವರು ಒಪ್ಪಲಿಲ್ಲ. ಬಿಸಿಗೆ ಅಂಟಿದ ಪ್ಲಾಸ್ಟಿಕ್ಕನ್ನು ಮುಂದೆ ಬಿಡಿಸಲು ಹೋದರೆ ಕಾಗದವೇ ಕಿತ್ತುಬರುತ್ತದೆ ಎಂದು ವಿವರಿಸಿದರು. ಮಡಿಕೆಗಳಲ್ಲಿ ಹರಿದಿದ್ದ ಕಡೆ ಹಿಂಬದಿಯಿಂದ ತೆಳು ಕಾಗದವನ್ನು ಗಂಜಿಯ ಅಂಟಿನಿಂದ ಕೂಡಿಸಿದರು. ಯಾರೋ ಹಿಂದೆ ಹಚ್ಚಿದ್ದ ಸೆಲೋಟೇಪು ಹಳದಿಗಟ್ಟಿ ಒಣಗಿತ್ತು. ಅದನ್ನು ಎಳೆಎಳೆಯಾಗಿ ಬಿಡಿಸುವಾಗ ಒಂದಕ್ಷರವೂ ಅಳಿಯದಂತೆ ನೋಡಿಕೊಂಡರು. ಮೂಲ ಪತ್ರವನ್ನು ಆಮ್ಲರಹಿತ ಕಾಗದದ ಲಕೋಟೆಯಲ್ಲಿಟ್ಟು, ಗೋಡೆಗೆ ಹಾಕಲು ಸ್ಕ್ಯಾನ್ ಪ್ರತಿಗೆ ಚೌಕಟ್ಟು ಕಟ್ಟಿಕೊಟ್ಟರು.

ಚಿತ್ರಕ್ಕೆ ಬಣ್ಣ ತುಂಬುವ ಕೆಲಸ ಮಾತ್ರ ಮೊದಲ ಸಲ ಸರಿಬರಲಿಲ್ಲ. ಎದೆಯ ಮೇಲಿನ ಬರ್ಮಾ ಸ್ಟಾರ್ ಪದಕದ ಪಟ್ಟಿಗೆ ಹಸಿರು ಹಾಕಿದ್ದರು. ಅದಕ್ಕಿರಬೇಕಾದದ್ದು ನಡುವೆ ಕೆಂಪು, ಎರಡೂ ಬದಿಗೆ ಕಡುನೀಲಿ, ಆ ನೀಲಿಯ ಮಧ್ಯೆ ಕಿತ್ತಳೆ ಗೆರೆ. ಅದಕ್ಕಿಂತ ಹೆಚ್ಚು ನೋವಾದದ್ದು ಹುಬ್ಬಿನ ಗಾಯವನ್ನು ಕಲೆಯೆಂದು ಅಳಿಸಿ ಮುಖ ನುಣುಪು ಮಾಡಿದ್ದರಿಂದ. ಪತ್ರದ ಸಾಲನ್ನು ತೋರಿಸಿ ಹೇಳಿದ ಮೇಲೆ ಹಣ ಕೇಳದೆ ಎರಡನ್ನೂ ತಿದ್ದಿದರು.

ಒಟ್ಟು 1,850 ರೂಪಾಯಿ ಆಯಿತು. ಕೈಕೆಲಸ ನೋಡಿದರೆ ದುಬಾರಿಯಲ್ಲ. ಮನೆಯಲ್ಲಿ ಇಂಥ ಹಳೆಯ ಕಾಗದವಿರುವವರು ಧೈರ್ಯವಾಗಿ ಇವರಿಗೆ ಕೊಡಬಹುದು. ಚಿತ್ರಕ್ಕೆ ಬಣ್ಣ ಹಾಕಿಸುವುದಾದರೆ ಮುಖದ ಗುರುತುಗಳನ್ನೂ ಪದಕದ ಬಣ್ಣಗಳನ್ನೂ ಚೀಟಿಯಲ್ಲಿ ಬರೆದುಕೊಟ್ಟು, ಅಚ್ಚಾಗುವ ಮೊದಲು ಕಂಪ್ಯೂಟರಿನಲ್ಲೇ ಒಮ್ಮೆ ನೋಡಿ ಒಪ್ಪಿಗೆ ಕೊಡಿ.